ಮರುಪಂದ್ಯಕ್ಕೆ ತಾಂಬೂಲ

ಎಪ್ಪತ್ತರ ದಶಕದ ಕೊನೆಯಲ್ಲಿ ಜಯನಗರದ ನಮ್ಮ ಮನೆಯ ಮಹಡಿ ಮೇಲೆ ಬಾಡಿಗೆಗೆ ಇದ್ದವರು ರಾಜ್ಯದ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್. ಆರು ವರ್ಷ ಚಾಂಪಿಯನ್ ಆಗಿದ್ದರು ಎಂದು ನನ್ನ ನೆನಪು. ನನ್ನ ತಂಗಿ ನಾಲ್ಕೇ ಎನ್ನುತ್ತಾಳೆ. ಎಷ್ಟೇ ಇರಲಿ, ಅಷ್ಟೂ ವರ್ಷ ಅವರು ಯಾರ ಮೇಲೂ ಕೈ ಮಾಡಿರಲಿಲ್ಲ. ಆ ತೂಕದ ಇನ್ನೊಬ್ಬ ಬಾಕ್ಸರ್ ಸ್ಪರ್ಧೆಗೆ ಬರುತ್ತಲೇ ಇರಲಿಲ್ಲ. ಇವರು ಪ್ರತಿ ವರ್ಷ ತೂಕದ ಯಂತ್ರ ಹತ್ತಿ ಇಳಿದು, ರಿಂಗಿನಲ್ಲಿ ಒಬ್ಬರೇ ಒಂದು ನಿಮಿಷ ನಿಲ್ಲುವರು. ರೆಫರಿ ಇವರ ಕೈ ಎತ್ತುವನು. ಮರುದಿನ ಎಂದಿನಂತೆ ಫ್ಯಾಕ್ಟರಿಗೆ ಹೋಗಿ ಬೋಲ್ಟುಗಳನ್ನು ಪರೀಕ್ಷಿಸುವರು.

ಒಂದು ವರ್ಷ ಉತ್ತರಹಳ್ಳಿಯಿಂದ ಒಬ್ಬ ರೈತನ ಮಗ ಬಂದ. ತೂಕಕ್ಕೆ ನಿಂತ, ಮುಳ್ಳು ಗೆರೆ ದಾಟಿತು. ಅರ್ಧ ನಿಮಿಷದಲ್ಲಿ ನಮ್ಮ ಚಾಂಪಿಯನ್ ನೆಲದ ಮೇಲಿದ್ದರು.

ನಾನಾಗ ತತ್ತ್ವಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿದ್ದೆ. ಆದ್ದರಿಂದ ಎಲ್ಲರ ಸಮಸ್ಯೆಗಳೂ ನನ್ನ ಬಳಿಗೇ ಬರುತ್ತಿದ್ದವು. ಒಂದು ವಾರದ ಮೇಲೆ ಚಾಂಪಿಯನ್ ತಾರಸಿಯಲ್ಲಿ, ಒಣಹಾಕಿದ ಸೀರೆಗಳ ನಡುವೆ ನನ್ನನ್ನು ನಿಲ್ಲಿಸಿಕೊಂಡರು.

“ಸೋತಿದ್ದಕ್ಕೆ ಬೇಜಾರಿಲ್ಲ ಗುರು. ಗ್ಲೋವ್ ಹತ್ರ ಬಂತು ನೋಡು, ಕಣ್ಣು ಮುಚ್ಕೊಂಬಿಟ್ಟೆ. ಎಲ್ಲಿಂದ ಬಂತು, ಯಾವ ಕೈ, ಏನೂ ಗೊತ್ತಿಲ್ಲ. ಇಷ್ಟು ವರ್ಷಕ್ಕೆ ಬಿದ್ದಿದ್ದು ಒಂದೇ ಏಟು, ಅದನ್ನೂ ನೋಡ್ಲಿಲ್ಲ. ಇನ್ನೊಂದ್ಸಲ ಕಣ್ ಬಿಟ್ಕೊಂಡು ನಿಂತ್ಕೋಬೇಕು.”

“ಮತ್ತೆ ಬಿದ್ರೆ?”

“ಬೀಳ್ತೀನಿ. ಆದ್ರೆ ನೋಡ್ಕೊಂಡು ಬೀಳ್ತೀನಿ.”

ಸೋತವನು ಮರುಪಂದ್ಯ ಕೇಳಬಹುದೇ ಎಂಬುದು ನಮ್ಮ ಮನೆಯ ಚರ್ಚೆಯಾಯಿತು. ನಿವೃತ್ತ ಹೆಡ್ಮಾಸ್ಟರರಾದ ನನ್ನ ತಂದೆಯ ಪ್ರಕಾರ ಕೇಳಬಹುದು, ಆದರೆ ಅರ್ಜಿಯ ಮೂಲಕ. ಅರ್ಜಿ ನಾನೇ ಬರೆದೆ. ‘ನನ್ನ ಸೋಲನ್ನು ಸಹಾನುಭೂತಿಯಿಂದ ಪುನರ್ಪರಿಶೀಲಿಸಬೇಕಾಗಿ ಪ್ರಾರ್ಥನೆ’ ಎಂದು ಬರೆದಂತೆ ನೆನಪು. ಇಷ್ಟು ಚೆನ್ನಾಗಿ ಬರೆದಿರಲಾರೆ. ನಿಯಮದಲ್ಲಿ ಮರುಪಂದ್ಯ ಎಂಬುದಿಲ್ಲ, ಗೆದ್ದವರು ಒಪ್ಪಿದರೆ ನೋಡೋಣ ಎಂದು ಬಾಕ್ಸಿಂಗ್ ಸಂಘದಿಂದ ಉತ್ತರ ಬಂತು.

ಹಾಗಾದರೆ ಗೆದ್ದವನಿಗೆ ಒಂದು ಕಾರ್ಡ್ ಬರೆಯೋಣ ಎಂದೆ. ಚಾಂಪಿಯನ್ನರ ತಾಯಿ ಅಲ್ಲಿಯವರೆಗೂ ಮರುಪಂದ್ಯವೇ ಬೇಡ ಎನ್ನುತ್ತಿದ್ದವರು, ಕಾರ್ಡ್ ಎಂದೊಡನೆ ಸಿಟ್ಟಾದರು.

“ಕಾರ್ಡ್ ಬರ್ದು ಕರ್ಯೋದೇನಪ್ಪ? ಹೊಡೆಸ್ಕೊಳೋದೇ ಆದ್ರೆ ಮರ್ಯಾದೆಯಾಗಿ ಮನೆಗೆ ಹೋಗಿ ಕರೀಬೇಕು.”

ಭಾನುವಾರ ಬೆಳಿಗ್ಗೆ ಮೂವರೂ ಉತ್ತರಹಳ್ಳಿಯ ಬಸ್ಸು ಹತ್ತಿದೆವು. ಆಕೆಯ ತೊಡೆಯ ಮೇಲೆ ಸ್ಟೀಲ್ ತಟ್ಟೆ. ಅದರಲ್ಲಿ ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು, ವೀಳ್ಯದೆಲೆ, ಅಡಿಕೆ, ಮಲ್ಲಿಗೆ ಹೂವು. ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟ ಚಾಂಪಿಯನ್. ನಾವು ಹೇಗೆ ಕಾಣುತ್ತಿದ್ದೇವೆ ಎಂದು ಎಂ.ಎ. ಮಾಡಿದ ನನಗೂ ಹೊಳೆಯಲಿಲ್ಲ.

ಆ ಮನೆಯ ಯಜಮಾನರು ಮೊದಲು ತಟ್ಟೆಯನ್ನು ನೋಡಿದರು, ಆಮೇಲೆ ಶರ್ಟನ್ನು. ಚಾಪೆ ಹಾಸಿಸಿದರು. ಒಳಗೆ ಕಾಫಿಗೆ ಹೇಳಿದರು. ತಟ್ಟೆ ಒಳಗೆ ಹೋಯಿತು.

“ಹುಡುಗಿ ಪಿಯುಸಿ ಮುಗಿಸ್ಲಿ ಅಂತಿದ್ವಿ,” ಎಂದರು.

“ಓದ್ಲಿ ಬಿಡಿ, ಅದಕ್ಕೇನು,” ಎಂದರು ತಾಯಿ. ಹತ್ತು ವರ್ಷಗಳಿಂದ ಮಗನಿಗೆ ಹೆಣ್ಣು ನೋಡುತ್ತಿದ್ದ ಆಕೆಗೆ ಆ ಮಾತು ತಾನಾಗಿಯೇ ಬಂದುಬಿಟ್ಟಿತು.

“ಹುಡುಗಂಗೆ ಏನ್ ಕೆಲ್ಸ?”

“ಫ್ಯಾಕ್ಟ್ರೀಲಿ ಇನ್‌ಸ್ಪೆಕ್ಟರ್ರು.”

“ವಯಸ್ಸು ಒಸಿ ಜಾಸ್ತಿ ಆದಂಗೈತೆ.”

ಚಾಂಪಿಯನ್ ನನ್ನ ಮುಖ ನೋಡಿದರು. ನಾನು ತಿದ್ದಬೇಕಿತ್ತು. ಅಷ್ಟರಲ್ಲಿ ಸಗಣಿ ಮಂಕರಿ ಹೊತ್ತ ಭಾರೀ ಮೈಕಟ್ಟಿನ ಹುಡುಗನೊಬ್ಬ ಕೊಟ್ಟಿಗೆಯಿಂದ ಬಂದ. ನಮ್ಮವರನ್ನು ನೋಡಿ ಮಂಕರಿ ಕೆಳಗಿಟ್ಟ.

“ಅಪ್ಪಾ, ಇವ್ರು ನಾನು ಹೊಡ್ದೋರು.”

ಯಜಮಾನರು ಮಗನ ಕಡೆ ತಿರುಗಿದರು. “ನಿನ್ ಕೈಲಿ ಹೊಡೆಸ್ಕೊಂಡು ನಿನ್ ತಂಗೀನ ಕೇಳಕ್ ಬಂದವ್ರಾ?”

“ಹೆಣ್ಣು ಕೇಳಕ್ಕಲ್ಲ ಯಜಮಾನ್ರೇ,” ಎಂದರು ಚಾಂಪಿಯನ್. “ಇನ್ನೊಂದ್ಸಲ ಫೈಟ್‌ಗೆ ಕರ್ಯೋಕೆ ಬಂದಿದೀವಿ.”

ಮಗ ಗಾಬರಿಯಾದ. “ಬ್ಯಾಡ ಅಣ್ಣಾ. ಅವತ್ತಿಂದ ಮಣಿಕಟ್ಟು ನೋಯ್ತೈತೆ. ನಾನು ಗೆಲ್ತೀನಿ ಅಂದ್ಕೊಂಡೇ ಇರ್ಲಿಲ್ಲ.” ಒಳಗೆ ಓಡಿದ. ನಮ್ಮ ತಟ್ಟೆ ಹೊರಗೆ ಬಂತು. ಬಂದವರ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ಅವರಲ್ಲೂ ಇರಲಿಲ್ಲ. ಎರಡು ವೀಳ್ಯದೆಲೆಯ ಮೇಲೆ ಚಾಂಪಿಯನ್‌ಶಿಪ್ ಕಪ್ಪು ನಿಂತಿತ್ತು. “ನೀವೇ ಇಟ್ಕೊಳ್ಳಿ.”

ತಾಯಿ ಕೈ ಚಾಚಿದರು. ಚಾಂಪಿಯನ್ ತಡೆದರು.

“ಕಪ್ ಬೇಡಮ್ಮ. ತಮ್ಮಾ, ಸಂಘ ಗಿಂಘ ಬಿಡು. ಅದೇ ಏಟು ಇನ್ನೊಂದು ಕೊಡು, ಸಾಕು. ಎಡಗೈ ನೋಯ್ತಿದ್ರೆ ಬಲಗೈ, ಬಲಗೈ ನೋಯ್ತಿದ್ರೆ... ಅಲ್ಲ, ಅದೇ ಕೈ. ಯಾವ್ದು ಅಂತ ಹೇಳ್ಬೇಡ.”

ಯಜಮಾನರು ಖಂಡಿತ ಆಗದು ಎಂದರು. “ಮನೆಗ್ ಬಂದೋರ್ನ ಹೊಡ್ಯೋದು ನಮ್ ವಂಶದಲ್ಲೇ ಇಲ್ಲ.” ಚಾಂಪಿಯನ್ನರ ಮುಖ ಇಳಿದುಹೋಯಿತು. ರಿಂಗಿನಲ್ಲಿ ಬಿದ್ದಾಗಲೂ ಆ ಮುಖ ಅಷ್ಟು ಇಳಿದಿರಲಿಲ್ಲ. ಅದನ್ನು ನೋಡಲಾರದೆ ತಾಯಿಯೇ ದಾರಿ ತೋರಿಸಿದರು. “ಹಂಗಾದ್ರೆ ನಾವು ಗೇಟಿಂದ ಆಚೆ ನಿಂತ್ಕೋತೀವಿ. ರಸ್ತೇಲಿ ಯಾರಾದ್ರೇನು?”

ಇದನ್ನು ಯಜಮಾನರು ಒಪ್ಪಿದರು. ಎಲ್ಲರೂ ಗೇಟು ದಾಟಿದೆವು. ಚಾಂಪಿಯನ್ ವಾಚು ಬಿಚ್ಚಿ ನನಗೆ ಕೊಟ್ಟರು. ರೈತನ ಮಗ ಮುಷ್ಟಿಗೆ ಟವೆಲ್ ಸುತ್ತಿಕೊಂಡು, ಅಪ್ಪನ ಕಡೆ ಒಮ್ಮೆ ನೋಡಿ, ಹೊಡೆದ.

ಚಾಂಪಿಯನ್ ಎರಡು ಹೆಜ್ಜೆ ಹಿಂದೆ ಸರಿದು ಚರಂಡಿಯ ಚಪ್ಪಡಿಯ ಮೇಲೆ ಕುಳಿತರು. ಕಣ್ಣು ಅಗಲವಾಗಿ ತೆರೆದೇ ಇತ್ತು.

“ಬಲಗೈ,” ಎಂದರು. “ಕೆಳಗಿಂದ ಬಂತು. ಪೂರ್ತಿ ನೋಡ್ದೆ.”

“ಎಡಗೈ ಅಣ್ಣಾ,” ಎಂದ ಅವನು, ಟವೆಲ್ ಬಿಚ್ಚುತ್ತಾ. “ನಾನು ಎಡಚ.”

ಇನ್ನೊಂದು ಏಟು ಕೇಳುತ್ತಾರೆ ಎಂದುಕೊಂಡೆ. ತಾಯಿಯೂ ಹಾಗೇ ಅಂದುಕೊಂಡು ಅವರ ರಟ್ಟೆ ಹಿಡಿದರು. ಚಾಂಪಿಯನ್ ಅವನ ಎರಡೂ ಕೈಗಳನ್ನು ಒಂದಾದ ಮೇಲೊಂದು ನೋಡಿದರು.

“ಇರ್ಲಿ,” ಎಂದರು. “ನಾನು ನೋಡಿದ್ದು ಬಲಗೈ.”

ಮತ್ತೆ ಒಳಗೆ ಹೋಗಿ ಆರಿದ ಕಾಫಿ ಕುಡಿದೆವು. ಚಾಂಪಿಯನ್‌ಶಿಪ್ ಕಪ್ಪು ಉತ್ತರಹಳ್ಳಿಯಲ್ಲೇ ಉಳಿಯಿತು. ಮುಂದಿನ ವರ್ಷ ಇವರು ಹೆಸರು ಕೊಡಲಿಲ್ಲ.

ನನಗೂ ಅದು ಬಲಗೈ ಎಂದೇ ನೆನಪು. ನಾನು ನೋಡಿದ್ದೆನೋ, ಅವರು ಹೇಳಿದ್ದನ್ನು ಇಷ್ಟು ವರ್ಷ ನೋಡಿಕೊಂಡು ಬಂದಿದ್ದೇನೆಯೋ ತಿಳಿಯದು. ಊದಿದ್ದು ಯಾವ ದವಡೆ ಎಂದು ನೋಡಿದ್ದರೆ ಅಂದೇ ತೀರ್ಮಾನವಾಗುತ್ತಿತ್ತು. ಬಸ್ಸಿನಲ್ಲಿ ನಾನು ಅವರ ಹಿಂದಿನ ಸೀಟಿನಲ್ಲಿದ್ದೆ. ಅವರು ಕಿಟಕಿಯಾಚೆ ನೋಡುತ್ತಾ ಶಿಳ್ಳೆ ಹಾಕಲು ಯತ್ನಿಸುತ್ತಿದ್ದರು. ಬರೀ ಗಾಳಿ ಬರುತ್ತಿತ್ತು.