ನೀನು ದಾರಿ ತಪ್ಪಿರಲಿಲ್ಲ

ವೇಣಿ, ಆ ದಿನ ನೀನು ದಾರಿ ತಪ್ಪಿರಲಿಲ್ಲ. ನಾನು ಬಚ್ಚಿಟ್ಟುಕೊಂಡಿದ್ದೆ.

ಇಷ್ಟು ಬರೆದು ಪೆನ್ನು ಕೆಳಗಿಟ್ಟು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ. ಮತ್ತೆ ಓದಿ ನೋಡಿದೆ. ಇರುವುದು ಅಷ್ಟೇ. ಜರ್ಮನಿಯ ಆ ರೈಲ್ವೆ ಸ್ಟೇಷನ್ನಿನಲ್ಲಿ, ಜನರ ನಡುವೆ ನೀನು ನನ್ನ ಕೈ ತಪ್ಪಿಹೋದೆ ಎಂದು ಇವತ್ತಿಗೂ ನಂಬಿದ್ದೀಯ. ಮನೆಯವರೆಲ್ಲ ನಂಬಿದ್ದಾರೆ. ಅಕ್ಕ ಹುಡುಕಿ ಕರ್ಕೊಂಡು ಬಂದ್ರು ಎಂದು ಬಂದವರ ಮುಂದೆಲ್ಲ ಹೇಳುತ್ತೀಯ. ನಾನು ಹುಡುಕಲೇ ಇಲ್ಲ. ನೀನು ಎಲ್ಲಿ ನಿಂತಿದ್ದೀಯ ಎಂದು ನನಗೆ ಪೂರ್ತಿ ಹೊತ್ತೂ ಗೊತ್ತಿತ್ತು — ಮೇಲಿನಿಂದ ನಿನ್ನನ್ನೇ ನೋಡುತ್ತಿದ್ದೆ.

ಇಂಗ್ಲಿಷಿನಲ್ಲಿ ಬರೆದಿದ್ದರೆ ನನಗೆ ಈಸಿಯಾಗುತ್ತಿತ್ತು. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನೀನು ತಳಿ ಊರಿನ ಕನ್ನಡ ಸ್ಕೂಲಿನಲ್ಲಿ ಕಲಿತವಳು. ಬೆರಳಿಟ್ಟು, ಅಕ್ಷರ ಕೂಡಿಸಿಕೊಂಡು ಮೆಲ್ಲಗೆ ಓದುತ್ತೀಯ, ಆದರೆ ಒಂದು ಪದವನ್ನೂ ಹಾರಿಸುವುದಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು, ನನ್ನ ಕನ್ನಡದ ಒತ್ತಕ್ಷರಗಳು ಈಗಲೂ ಸೊಟ್ಟ. ಸಹಿಸಿಕೋ.

ಆ ಕಾನ್ವೆಂಟಿನಲ್ಲಿ ಶನಿವಾರದ ಸಂಜೆ ಕ್ರಿಶ್ಚಿಯನ್ ಹುಡುಗಿಯರು ಚಾಪೆಲ್ಲಿನ ಮರದ ಗೂಡಿನ ಮುಂದೆ ಮಂಡಿಯೂರಿ ಫಾದರ್ ಹತ್ತಿರ ತಮ್ಮ ತಪ್ಪುಗಳನ್ನು ಹೇಳಿಕೊಳ್ಳುತ್ತಿದ್ದರು. ನಾವು ಹಿಂದೂ ಹುಡುಗಿಯರಿಗೆ ಅದು ಇರಲಿಲ್ಲ. ಆದರೆ ನಾನು ಬಾಗಿಲ ಹೊರಗೆ ನಿಂತು, ಹೊರಬಂದವಳ ಮುಖ ನೋಡುತ್ತಿದ್ದೆ. ಏನು ಹೇಳಿದಳು? ಹೇಳಿದ ಮೇಲೆ ಹಗುರವಾಯಿತೇ? ಒಬ್ಬಳನ್ನು ಪೀಡಿಸಿ ಕೇಳಿದ್ದಕ್ಕೆ, ನಿಂಗ್ಯಾಕೆ ಅದೆಲ್ಲ, ಎಂದು ಮುಖ ತಿರುಗಿಸಿಕೊಂಡಳು. ಸಿಸ್ಟರ್‌ಗಳು ನನ್ನನ್ನು ಕ್ಯೂರಿಯಸ್ ಚೈಲ್ಡ್ ಎನ್ನುತ್ತಿದ್ದರು. ನಾನದನ್ನು ಹೊಗಳಿಕೆ ಎಂದೇ ಇಷ್ಟು ಕಾಲ ಜೋಪಾನವಾಗಿಟ್ಟುಕೊಂಡಿದ್ದೆ.

ನಾನು ಆ ಮನೆಗೆ ಹಿರಿಸೊಸೆಯಾಗಿ ಬಂದಾಗ ಇಡೀ ಮನೆಯಲ್ಲಿ ಇಂಗ್ಲಿಷ್ ಓದುವವಳು ನಾನೊಬ್ಬಳೇ. ಔಷಧದ ಬಾಟಲಿ, ಬ್ಯಾಂಕಿನ ಚೀಟಿ, ಮಕ್ಕಳ ಸ್ಕೂಲಿನ ನೋಟೀಸು, ಎಲ್ಲವೂ ನನ್ನ ಕೈಗೇ ಬರುತ್ತಿತ್ತು. ಹೊಲದ ಕೆಲಸ ನನಗೆ ಬರಲಿಲ್ಲ, ಯಾರೂ ಬಾ ಎನ್ನಲೂ ಇಲ್ಲ. ನನ್ನ ಮೈದುನನನ್ನು ಮದುವೆಯಾಗಿ ನೀನು ಬಂದೆ. ಗುಲಾಬಿ ಬೆಳೆಯಲು ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸ್ ಹಾಕಿದಾಗ ಅದನ್ನು ನಡೆಸಿದವಳು ನೀನು. ಮೊದಲ ಬಸ್ಸಿಗೆ ಒಬ್ಬಳೇ ಹೊಸೂರಿಗೆ ಹೋಗುತ್ತಿದ್ದೆ, ಲಾರಿಯವನ ಹತ್ತಿರ ತೆಲುಗಿನಲ್ಲಿ ಜಗಳ, ಆಫೀಸರ ಹತ್ತಿರ ತಮಿಳಿನಲ್ಲಿ ನಯ, ಮನೆಗೆ ಬಂದು ಕನ್ನಡದಲ್ಲಿ ಇಬ್ಬರನ್ನೂ ಅಣಕಿಸಿ ನಮ್ಮನ್ನೆಲ್ಲ ನಗಿಸುತ್ತಿದ್ದೆ. ಆ ವೇಣಿ ಎಲ್ಲಿ ಹೋದಳು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ — ನನಗೆ ಗೊತ್ತಿತ್ತಲ್ಲ.

ಬೆಳೆಗಾರರ ಸಂಘದವರು ಜರ್ಮನಿಯ ಹೂವಿನ ಎಕ್ಸಿಬಿಷನ್ನಿಗೆ ಕಳಿಸಲು ನಿನ್ನನ್ನು ಆರಿಸಿದರು, ನಿನ್ನ ಗುಲಾಬಿ ಅಷ್ಟು ಚೆನ್ನಾಗಿತ್ತು. ನಿನ್ನ ಜೊತೆಗೆ ನಾನು, ಇಂಗ್ಲಿಷ್ ಬರುತ್ತದೆ ಎಂಬ ಒಂದೇ ಕಾರಣಕ್ಕೆ. ಅಲ್ಲಿ ಒಂದು ಸಣ್ಣ ಸ್ಟೇಜು. ಬೇರೆ ಬೇರೆ ದೇಶದ ಬೆಳೆಗಾರರು ಒಬ್ಬೊಬ್ಬರಾಗಿ ತಾವು ಬೆಳೆದ ಹೂ ಹಿಡಿದು ತಮ್ಮ ಬಾಯಲ್ಲೇ ನಾಲ್ಕು ಮಾತು ಹೇಳಬೇಕು. ನೀನು ಹೂ ಹಿಡಿಯುವುದು, ನಾನು ಮಾತಾಡುವುದು ಎಂದು ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಆ ನಾಲ್ಕು ಮಾತನ್ನು ತಿದ್ದಿ ತೀಡಿ ಇಟ್ಟುಕೊಂಡಿದ್ದೆ ಕೂಡ.

ಆ ಬೆಳಗ್ಗೆ ಲಾಡ್ಜಿನಿಂದ ರೈಲು ಹತ್ತಿದೆವು. ಹಿಂದಿನ ದಿನ ಕಾರ್ಗೋದಲ್ಲಿ ಬಂದ ಹೂಗಳಲ್ಲಿ ನೀನೇ ಆರಿಸಿದ ಒಂದು ಬಂಚು ಉದ್ದನೆಯ ರಟ್ಟಿನ ಡಬ್ಬಿಯಲ್ಲಿ ನಿನ್ನ ತೊಡೆಯ ಮೇಲಿತ್ತು. ರೇಷ್ಮೆ ಸೀರೆಯ ಮೇಲೆ ನೀನು ನನ್ನ ಹಳೆಯ ಓವರ್‌ಕೋಟು ಹಾಕಿಕೊಂಡಿದ್ದೆ. ಕಿಟಕಿಯಾಚೆ ನೋಡುತ್ತ ನೀನು ಏನೋ ಗುನುಗುತ್ತಿದ್ದೆ, ಹಾಡು ಎಂದು ನಾನು ಅಂದುಕೊಂಡೆ. ಕಿವಿಗೊಟ್ಟರೆ ಇಂಗ್ಲಿಷು. ದಿಸ್ ರೋಸ್ ಐ ಗ್ರೋ ವಿತ್ ಮೈ ಹ್ಯಾಂಡ್ಸ್ — ಅದನ್ನೇ ಮತ್ತೆ ಮತ್ತೆ. ಎಲ್ಲಿ ಕಲಿತೆ ಎಂದರೆ, ಸಂಘದ ಆಫೀಸಿನ ಹುಡುಗಿ ಹೇಳಿಕೊಟ್ಟಳಂತೆ. ಊರು ಬಿಡುವ ಮೊದಲೇ ಕಲಿತು, ಇಷ್ಟು ದಿನ ನನ್ನಿಂದ ಮುಚ್ಚಿಟ್ಟು, ಈಗ ನೀನು ಎಳೆ ಹುಡುಗಿಯ ಹಾಗೆ ನಕ್ಕೆ.

"ಅಕ್ಕಾ, ಇವತ್ತು ನೀವು ಸುಮ್ನೆ ಕೂತ್ಕಳಿ. ನಾನೇ ಯೋಳ್ತೀನಿ. ತಪ್ಪಾದ್ರೆ ಏನಾಯ್ತು, ಆ ಜನಕ್ಕೂ ಇಂಗ್ಲಿಷ್ ಸರ್ಯಾಗಿ ಬರಲ್ವಂತೆ."

ನಾನೂ ನಕ್ಕೆ. ವೆರಿ ಗುಡ್ ಎಂದೆ. ಒಳಗಿದ್ದುದಕ್ಕೆ ಏನೆಂದು ಹೆಸರಿಡಲಿ? ಹೊಟ್ಟೆಕಿಚ್ಚು ಎಂದರೆ ಪೂರ್ತಿ ಸರಿಹೋಗುವುದಿಲ್ಲ, ಅಲ್ಲ ಎಂದರೂ ಸುಳ್ಳು. ಇಷ್ಟು ವರ್ಷ ಎಲ್ಲದಕ್ಕೂ ನನ್ನ ಹತ್ತಿರ ಬಂದವಳು ಇದೊಂದಕ್ಕೆ ಬರಲಿಲ್ಲ. ಸರಿ, ನಾನಿಲ್ಲದೆ ಏನು ಮಾಡುತ್ತಾಳೆ ನೋಡೋಣ — ಆ ನೋಡೋಣ ಎನ್ನುವುದೇ ನನ್ನನ್ನು ಹಿಡಿದುಕೊಂಡಿತು.

ನಿನಗೆ ಆ ಸ್ಟೇಷನ್ ಸರಿಯಾಗಿ ನೆನಪಿರಲಿಕ್ಕಿಲ್ಲ. ನೀನು ಕಂಡದ್ದು ಅದರ ಒಂದು ಚದರ ನೆಲ ಮಾತ್ರ. ನನಗೆ ಪೂರ್ತಿ ನೆನಪಿದೆ. ನೆಲದಡಿಯ ಸ್ಟೇಷನ್. ಊರೇ ಇಲ್ಲದ ಸ್ಟೇಷನ್ — ಅಲ್ಲಿ ಇಳಿದವರಾರಿಗೂ ಅಲ್ಲಿ ಮನೆಯಿಲ್ಲ. ಮೇಲೆ ಹೋದರೆ ಒಂದು ಬಾಗಿಲು ಏರ್‌ಪೋರ್ಟಿಗೆ, ಎದುರಿನ ಬಾಗಿಲು ಎಕ್ಸಿಬಿಷನ್ನಿಗೆ, ಅಷ್ಟೇ. ಒಂದೇ ರೈಲಿನಿಂದ ಇಳಿದವರು ಎಸ್ಕಲೇಟರ್ ತುದಿಯಲ್ಲಿ ಎರಡು ಪಾಲಾಗುತ್ತಿದ್ದರು: ದೊಡ್ಡ ಸೂಟ್‌ಕೇಸ್ ಎಳೆಯುವವರು ಒಂದು ಕಡೆ, ಕೊರಳಲ್ಲಿ ಬ್ಯಾಡ್ಜ್ ತೂಗುಹಾಕಿಕೊಂಡವರು ಇನ್ನೊಂದು ಕಡೆ. ಅವರಿನ್ನೂ ಕೆಳಗಿರುವಾಗಲೇ ಯಾರು ಯಾವ ಕಡೆ ಎಂದು ಊಹಿಸುವುದು ಎಂಥ ಮಜಾ! ಸೂಟ್‌ಕೇಸೂ ಇಲ್ಲದೆ ಬ್ಯಾಡ್ಜೂ ಇಲ್ಲದೆ ಬಂದ ಒಬ್ಬ ಮುದುಕ ಎರಡೂ ಬಾಗಿಲು ನೋಡಿ ಮತ್ತೆ ಕೆಳಗಿಳಿದು, ಆಗ ಬಂದ ರೈಲು ಹತ್ತಿ ಹೊರಟುಹೋದ. ಅವನು ಯಾಕೆ ಬಂದಿದ್ದ ಎಂದು ಈಗಲೂ ಯೋಚಿಸುತ್ತೇನೆ. ನೋಡು, ನಿನ್ನನ್ನು ಅಲ್ಲಿ ನಿಲ್ಲಿಸಿ ನಾನು ಇಂಥದ್ದನ್ನೆಲ್ಲ ನೋಡುತ್ತಿದ್ದೆ.

ಇಳಿದ ಕೂಡಲೇ ನೀನು ಡಬ್ಬಿಯನ್ನು ಎದೆಗವುಚಿಕೊಂಡು ಎರಡು ಹೆಜ್ಜೆ ಮುಂದೆ ನಡೆದೆ. ನಾನು ಬೇಕೆಂದೇ ಹಿಂದೆ ಉಳಿದೆ. ಒಂದು ದಪ್ಪ ಕಂಬ ಇತ್ತು. ಅದರ ಹಿಂದೆ ಸರಿದು, ಆಚೆ ಬದಿಯ ಮೆಟ್ಟಿಲು ಹತ್ತಿ, ಮೇಲಿನ ಗಾಜಿನ ತಡೆಗೋಡೆಗೆ ಒರಗಿ ಕೆಳಗೆ ನೋಡಿದೆ. ಎಕ್ಸಿಬಿಷನ್ನಿನ ಬಾಗಿಲು ನನ್ನ ಬೆನ್ನ ಹಿಂದೆಯೇ ತೆರೆದಿತ್ತು.

ನೀನು ಹಿಂದೆ ತಿರುಗಿದೆ. ನಾನಿಲ್ಲ. ಆ ಕಡೆ ಈ ಕಡೆ ಒಂದು ಸಲ ನೋಡಿದೆ. ಆಮೇಲೆ ನಿಂತೆ.

ನಿಂತೇ ಇದ್ದೆ, ವೇಣಿ! ಯಾರನ್ನೂ ಕೇಳಲಿಲ್ಲ. ಅಕ್ಕಾ ಎಂದು ಕೂಗಲಿಲ್ಲ. ನಾನು ಕಾಯುತ್ತಿದ್ದದ್ದು ಅದಕ್ಕೇ — ಯಾರ ತೋಳನ್ನಾದರೂ ಹಿಡಿದು ಆ ಒಂದು ವಾಕ್ಯವನ್ನಾದರೂ ಹೇಳುತ್ತಾಳೆ, ಇಲ್ಲ ಅಳುತ್ತಾಳೆ, ಇಲ್ಲ ಕಂಡ ಬಾಗಿಲಿಗೆ ಓಡುತ್ತಾಳೆ, ಏನಾದರೂ ಒಂದು. ರೈಲು ಬಂತು, ಜನ ಇಳಿದು ನಿನ್ನ ಎರಡೂ ಪಕ್ಕದಿಂದ ಹರಿದು ಹೋದರು. ಇನ್ನೊಂದು ರೈಲು ಬಂತು. ಒಬ್ಬ ಹೆಂಗಸು ನಿಂತು ನಿನ್ನನ್ನು ಏನೋ ಕೇಳಿದಳು. ನೀನು ತಲೆಯಾಡಿಸಿ ಅವಳನ್ನು ಕಳಿಸಿಬಿಟ್ಟೆ. ಹೊತ್ತು ಮೀರುತ್ತಿದೆ ಎಂದು ನನಗೆ ಗೊತ್ತಿತ್ತು. ಇನ್ನೊಂದು ರೈಲು ಬರಲಿ, ಆಮೇಲೆ ಇಳಿಯುತ್ತೇನೆ ಎಂದುಕೊಂಡೆ. ಅದು ಬಂದು ಹೋದ ಮೇಲೂ ಇಳಿಯಲಿಲ್ಲ. ಹಾನೆಸ್ಟ್ ಆಗಿ ಹೇಳಬೇಕೆಂದರೆ — ನನಗೆ ಖುಷಿಯಾಗಿತ್ತು. ಗೊತ್ತಾಯಿತಲ್ಲ, ನಾನಿಲ್ಲದಿದ್ದರೆ ಒಂದು ಹೆಜ್ಜೆಯೂ ಇಡಲಾರಳು — ಎಂದು ಖುಷಿ.

ಕೊನೆಗೆ ಇಳಿದು ಬಂದು ನಿನ್ನ ಭುಜ ಮುಟ್ಟಿದೆ. ಏದುಸಿರು ಬಿಡುವ ನಾಟಕವನ್ನೂ ಮಾಡಿದೆ. "ಎಲ್ಲಿ ಹೋಗಿಬಿಟ್ಟೆ ವೇಣಿ? ಹುಡುಕಿ ಹುಡುಕಿ ಸಾಕಾಯ್ತು."

ನೀನು ಒಂದು ಕ್ಷಣ ನನ್ನ ಮುಖ ನೋಡಿದೆ. "ನಾನೆಲ್ಲೂ ಹೋಗ್ಲಿಲ್ವಲ್ಲಕ್ಕ..." ಎಂದೆ. ಆಮೇಲೆ ನನ್ನ ಏದುಸಿರು ನೋಡಿ ತಲೆ ತಗ್ಗಿಸಿ, "ತಪ್ಪಾಯ್ತು ಕಣಕ್ಕ. ನಾನೇ ಮುಂದಕ್ ಬಂದ್ಬುಟ್ಟೆ ಅಂತ ಕಾಣ್ತದೆ" ಎಂದೆ.

ತಪ್ಪಾಯ್ತು ಎಂದದ್ದು ನೀನು. ಅದನ್ನು ನಾನು ತೆಗೆದುಕೊಂಡೆ.

ಎಕ್ಸಿಬಿಷನ್ ಹಾಲ್ ತಲುಪುವಷ್ಟರಲ್ಲಿ ನಮ್ಮ ಸರದಿ ಮುಗಿದಿತ್ತು. ಪಾಪ, ನಡೆಸುವವರು ಒಳ್ಳೆಯವರು. ಎಲ್ಲರದೂ ಆದ ಮೇಲೆ ಬೇಗ ಬೇಗ ಒಂದು ಮಾತು ಹೇಳಿ ಎಂದರು. ಹೂ ಹಿಡಿದವಳು ಸ್ಟೇಜಿನ ಮೆಟ್ಟಿಲಲ್ಲೇ ನಿಂತು ನನ್ನ ಕಡೆ ತಿರುಗಿದೆ. "ನೀವೇ ಯೋಳ್ಬುಡಿ ಅಕ್ಕ. ನಂಗೆ ಎಲ್ಲಾ ಮರ್ತೋಯ್ತು." ನೀನೇ ಹೇಳು, ನಿಧಾನಕ್ಕೆ ಹೇಳು ಎಂದು ಒಂದು ಮಾತು ನನ್ನ ಬಾಯಿಂದ ಬರಬಹುದಿತ್ತು. ಬರಲಿಲ್ಲ. ಮೈಕ್ ಹಿಡಿದೆ. ವೀ ಗ್ರೋ ದಿಸ್ ರೋಸ್, ಎಂದೆ — ಒಂದು ದಿನವೂ ಗಿಡಕ್ಕೆ ನೀರು ಬಿಡದ ನಾನು, ವೀ ಎಂದೆ. ಚಪ್ಪಾಳೆ ಬಿತ್ತು. ಆ ಚಪ್ಪಾಳೆ ನನಗೆ ತುಂಬಾ ಇಷ್ಟವಾಯಿತು, ವೇಣಿ. ಇದನ್ನೂ ಬಿಡದೆ ಓದು.

ಊರಿಗೆ ಬಂದ ಮೇಲೆ ಅದು ಮನೆಯ ತಮಾಷೆಯಾಯಿತು. ನೀನು ಅಂಗಡಿಗೆ ಹೊರಟರೂ ನಿನ್ನ ಮಕ್ಕಳು, ಅವ್ವಾ, ಅಲ್ಲೇ ನಿಂತ್ಕೊಂಡ್ಬುಡಬ್ಯಾಡ, ಜರ್ಮನಿ ಥರ ಹುಡ್ಕಕ್ಕೆ ದೊಡ್ಡವ್ವನ್ನೇ ಕಳಿಸ್ಬೇಕಾಯ್ತದೆ, ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ. ಮೊದಮೊದಲು ನೀನೂ. ಆಮೇಲೆ ಹೊಸೂರಿಗೆ ಒಬ್ಬಳೇ ಹೋಗುವುದು ನಿಂತಿತು. ಆಮೇಲೆ ಹತ್ತಿರದ ಡೆಂಕಣಿಕೋಟೆಗೂ ಜೊತೆ ಬೇಕಾಯಿತು. ನಂಗೆ ದಾರಿ ತಪ್ತದೆ ಎನ್ನುವುದು ನಿನ್ನ ಮಾತೇ ಆಗಿಹೋಯಿತು. ಲಾರಿಯವನ ಹತ್ತಿರ ಜಗಳಕ್ಕೂ ನೀನು ಬೇರೆಯವರನ್ನು ಕಳಿಸಿದೆ.

ನಾನು ತಪ್ಪು ಮಾಡಿದೆ ಎಂದು ಅಂದೇ ಗೊತ್ತಿತ್ತು. ಎಂಥ ತಪ್ಪು ಎಂದು ಗೊತ್ತಾದದ್ದು ಈ ಸಲದ ರಾಗಿ ಕೊಯ್ಲಿಗೆ ಮುಂಚೆ. ಆನೆಗಳು ಕಾಡಿನಂಚಿಗೆ ಬಂದಿವೆ ಎಂದು ಸುದ್ದಿ ಬಂದ ಸಂಜೆ, ಮಂಜು ಇಳಿದು, ಕಾವಲಿಗೆ ಹೋದವರಿಂದ ಬೇರೆಯಾಗಿ ನಿನ್ನ ಮೊಮ್ಮಗಳು ಹೊಲದಲ್ಲಿ ಒಬ್ಬಳೇ ಉಳಿದುಬಿಟ್ಟಿದ್ದಳಲ್ಲ. ಫೋನಿನಲ್ಲಿ ಅವಳ ಅಳು ನನಗೂ ಕೇಳಿಸುತ್ತಿತ್ತು. ನಿನ್ನ ದನಿ ಮಾತ್ರ ಎಷ್ಟು ತಣ್ಣಗಿತ್ತು. "ಅಲ್ಲೇ ನಿಂತ್ಕೊ. ಕೂಗ್ಬ್ಯಾಡ, ಆ ಕಡೆ ಈ ಕಡೆ ಹೋಗ್ಬ್ಯಾಡ. ನಾವು ಬತ್ತೀವಿ." ಅಷ್ಟು ಹೇಳಿ, ಟಾರ್ಚ್ ತೆಗೆದುಕೊಂಡು ನೀನೇ ಮೊದಲು ಮಂಜಿನೊಳಕ್ಕೆ ಹೊರಟುಹೋದೆ.

ಯಾಕೆ ಕೂಗಬಾರದು ಎಂದು, ಮಗು ಮನೆಗೆ ಬಂದ ಮೇಲೆ, ನಿನ್ನ ಗಂಡನನ್ನು ಕೇಳಿದೆ. ಈ ವಯಸ್ಸಿನಲ್ಲಿ, ಈ ಮನೆಯಲ್ಲಿ ಇಷ್ಟು ಕಾಲ ಬಾಳಿದ ಮೇಲೆ ಕೇಳಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ಕೂಗಿದರೆ ಆನೆಗೆ ಗೊತ್ತಾಗುತ್ತದಂತೆ, ಅಲೆದಾಡಿದರೆ ಹುಡುಕುವವರಿಗೆ ಸಿಗುವುದಿಲ್ಲವಂತೆ. ಹೊಲದಲ್ಲಿ ಜೊತೆಯವರು ಕಾಣದಾದರೆ ನಿಂತ ಜಾಗ ಬಿಡದೆ ಸುಮ್ಮನೆ ನಿಲ್ಲಬೇಕು. ನಮ್ಮವರು ಬಂದೇ ಬರುತ್ತಾರೆ. ಇಲ್ಲಿನ ಮಕ್ಕಳಿಗೆಲ್ಲ ಗೊತ್ತಿದೆಯಂತೆ.

ಅಂದರೆ ನೀನು ಅಲ್ಲಿ ಭಯಬಿದ್ದು ನಿಂತದ್ದಲ್ಲ. ಏನೂ ತೋಚದೆ ನಿಂತದ್ದಲ್ಲ. ನಾನು ಬರುತ್ತೇನೆ ಎಂದು ನಿಂತಿದ್ದೆ. ಮೇಲಿನಿಂದ ಅಷ್ಟು ಹೊತ್ತು ನೋಡಿಯೂ ನನಗೆ ಕಾಣದಿದ್ದದ್ದು ಅದು. ನೀನು ಧೈರ್ಯ ಕಳೆದುಕೊಂಡದ್ದು ಆಮೇಲೆ — ಎಲ್ಲಿ ಹೋಗಿಬಿಟ್ಟೆ ಎಂದು ನಾನು ಕೇಳಿದ ಮೇಲೆ. ಮಾಡಬೇಕಾದ್ದನ್ನೇ ಮಾಡಿದವಳಿಗೆ, ನೀನು ತಪ್ಪು ಮಾಡಿದೆ ಎಂದು ಹೇಳಿ, ನಿನ್ನ ಮೇಲೆ ನಿನಗಿದ್ದ ನಂಬಿಕೆಯನ್ನೇ ತೆಗೆದುಬಿಟ್ಟೆ.

ಮೊನ್ನೆ ಸಂಘದವರು ಬಂದರಲ್ಲ. ನಮ್ಮ ಹೊಸೂರಿಗೂ ಏರ್‌ಪೋರ್ಟ್ ಬರುತ್ತದೆ ಎಂದು ಒಂದಿಷ್ಟು ಹರಟಿ, ಆಮೇಲೆ ವಿಷಯಕ್ಕೆ ಬಂದರು. ಬೆಂಗಳೂರಿನಾಚೆ ಏರ್‌ಪೋರ್ಟಿನ ಹತ್ತಿರ ಹೂವಿನ ಎಕ್ಸಿಬಿಷನ್, ರೈಲಿನಲ್ಲೇ ಹೋಗಿ ಇಳಿಯಬಹುದು, ನಿಮ್ಮ ಗುಲಾಬಿಯ ಬಗ್ಗೆ ನೀವೇ ಮಾತಾಡಬೇಕು ಎಂದು ನಿನ್ನನ್ನು ಕೇಳಿದರು. ನಿನ್ನ ಕಣ್ಣು ಒಂದು ಗಳಿಗೆ ಅರಳಿತು. ನಾನು ನೋಡಿದೆ. ಆಮೇಲೆ ನೀನು ಸೆರಗು ಕೊಡವಿ ಎದ್ದೆ. "ಟೇಸನ್ನಾ? ಬ್ಯಾಡಪ್ಪ, ನಾನು ದಾರಿ ತಪ್ಪೋಳು. ಅಕ್ಕನ್ನೇ ಕರ್ಕೊಂಡೋಗಿ." ಅವರು ನನ್ನ ಕಡೆ ತಿರುಗಿದರು. ಯೋಚಿಸಿ ಹೇಳುತ್ತೇನೆ ಎಂದೆ. ಆಗಲೂ, ವೇಣಿ — ಆಗಲೂ ಯೋಚಿಸಿ ಹೇಳುತ್ತೇನೆ ಎಂದೆ.

ನಿನ್ನೆ ಫೋನ್ ಮಾಡಿ ನಾನು ಬರುವುದಿಲ್ಲ ಎಂದು ಹೇಳಿದ್ದೇನೆ. ಜೊತೆಗೂ ಬರುವುದಿಲ್ಲ. ನೀನು ಹೋಗುತ್ತೀಯೋ ಇಲ್ಲವೋ, ಅದು ನಿನಗೆ ಬಿಟ್ಟದ್ದು. ಆದರೆ ದಾರಿ ತಪ್ಪುವವಳು ಎಂದುಕೊಂಡು ಉಳಿಯಬೇಡ. ಅದು ನಾನು ಹೇಳಿದ ಸುಳ್ಳು.

ಶುಕ್ರವಾರ ಅವರು ಉತ್ತರ ಕೇಳಲು ಬರುತ್ತಾರೆ. ಅದಕ್ಕೆ ಮುಂಚೆ, ನಾಳೆ ಊಟವಾದ ಮೇಲೆ ಈ ಹಾಳೆಗಳನ್ನು ನಿನ್ನ ಕೈಗೆ ಕೊಡುತ್ತೇನೆ. ಮಕ್ಕಳೂ ಮನೆಯಲ್ಲಿರಲಿ, ನಿನ್ನ ಗಂಡನೂ ಇರಲಿ. ನಕ್ಕವರಿಗೆಲ್ಲ ಗೊತ್ತಾಗಬೇಕು. ನೀನು ನಿಧಾನಕ್ಕೆ ಓದು. ನಾನು ನಿನ್ನ ಎದುರಿಗೇ, ನಿನಗೆ ಕಾಣುವ ಹಾಗೆ ಕೂತಿರುತ್ತೇನೆ. ಓದಿ ಮುಗಿಸಿ ನೀನು ಏನು ಮಾಡುತ್ತೀಯ — ಬೈಯುತ್ತೀಯೋ, ಎದ್ದು ಹೋಗುತ್ತೀಯೋ, ಇನ್ನು ನನ್ನನ್ನು ಅಕ್ಕ ಎನ್ನುವುದಿಲ್ಲವೋ — ತಿಳಿಯಬೇಕೆಂಬ ಕುತೂಹಲ ಈಗಲೂ ನನ್ನಲ್ಲಿದೆ. ನಾಚಿಕೆಯಾಗುತ್ತದೆ. ಆದರೂ ಇದೆ ಎಂದು ಬರೆಯುತ್ತಿದ್ದೇನೆ, ಇನ್ನು ನಿನ್ನಿಂದ ಏನನ್ನೂ ಮುಚ್ಚಿಡುವುದಿಲ್ಲ.