ಹಿನ್ನೆಲೆ ಕೂಡಿಟ್ಟವಳು

ಮುದ್ರಣಾಲಯದಲ್ಲಿ ಅವಳಿಗೆ ಎಲ್ಲರೂ ಇಟ್ಟ ಹೆಸರು ‘ಉಗ್ರಾಣದಕ್ಕ’. ಮುಖಪುಟಗಳಿಗೆ ಬೇಕಾಗುವ ಹಿನ್ನೆಲೆ ಚಿತ್ರಗಳನ್ನು ಅಂತರ್ಜಾಲದಲ್ಲಿ ಜಾಲಾಡಿ, ಪುಕ್ಕಟೆ ಸಿಗುವಂಥವನ್ನೇ ಹೆಕ್ಕಿ, ಹನ್ನೊಂದು ವರ್ಷದಿಂದ ಕಂಪ್ಯೂಟರಿನಲ್ಲಿ ಕೂಡಿಟ್ಟಿದ್ದಳು. ತುಕ್ಕಿಗೊಂದು ಫೋಲ್ಡರ್, ಸುಕ್ಕುಗಟ್ಟಿದ ಕಾಗದಕ್ಕೊಂದು, ಬಿರುಕುಬಿಟ್ಟ ಗೋಡೆಗೊಂದು. ಪ್ರತಿ ಚಿತ್ರದ ಜೊತೆ ಒಂದು ಟಿಪ್ಪಣಿ: ತೆಗೆದವರು ಯಾರು, ಬಳಸಲು ಅನುಮತಿ ಇದೆಯೇ, ಸಿಕ್ಕಿದ್ದು ಯಾವತ್ತು. ಟಿಪ್ಪಣಿ ಇಲ್ಲದ ಚಿತ್ರವನ್ನು ಅವಳು ಮೂಸಿಯೂ ನೋಡುತ್ತಿರಲಿಲ್ಲ.

ಒಂದೇ ಮನೆಯಲ್ಲಿದ್ದ ನಾದಿನಿಯನ್ನು ಅಲ್ಲಿ ಕೆಲಸಕ್ಕೆ ಸೇರಿಸಿದ್ದೂ ಅವಳೇ. ಕೈಯಾರೆ ತಂದುಕೊಂಡ ಸಂಕಟ! ಆರೇ ತಿಂಗಳಲ್ಲಿ ಆ ಹುಡುಗಿಯ ಮುಖಪುಟಗಳ ಮುಂದೆ ಮಾಲೀಕರು ಬಾಯಿಬಿಟ್ಟುಕೊಂಡು ನಿಲ್ಲತೊಡಗಿದರು. ಉಗ್ರಾಣದಕ್ಕನ ಹೊಟ್ಟೆಗೆ ಬೆಂಕಿ ಬಿತ್ತು. ಮನೆಯಲ್ಲಿ ಅದೇ ಹುಡುಗಿ ‘ಅತ್ತಿಗೆ’ ಎಂದು ತಟ್ಟೆ ಮುಂದಿಟ್ಟರೆ ಅರ್ಧ ತಿಂದು ಎದ್ದುಬಿಡುತ್ತಿದ್ದಳು.

ಹನ್ನೆರಡು ಪುಸ್ತಕಗಳ ಮಾಲೆಯೊಂದರ ಮುಖಪುಟದ ಕೆಲಸ ಬಂತು. ಇಷ್ಟು ವರ್ಷ ಅವಳು ಕಾದದ್ದು ಇಂಥದ್ದಕ್ಕೇ. ಮಾಲೀಕರು ಅದನ್ನು ನಾದಿನಿಗೆ ಕೊಡುವ ಮಾತೆತ್ತಿದಾಗ ತಡೆಯಲಾಗಲಿಲ್ಲ.

“ಸಾರ್, ಅವಳ ಹಿನ್ನೆಲೆಗಳು ಎಲ್ಲಿಂದ ಬಂದ್ವು ಅಂತ ಕೇಳಿದೀರಾ? ಪುಕ್ಕಟೆ ಸಿಗೋ ಜಾಗ ಎಲ್ಲಾ ನಂಗೊತ್ತು. ಅಲ್ಲೆಲ್ಲೂ ಇಲ್ಲ. ಯಾರದ್ದೋ ಕದ್ದಿರ್ತಾಳೆ. ನಾಳೆ ಕೇಸ್ ಹಾಕಿದ್ರೆ?”

ಹೇಳಿದ ಮೇಲೆ ಎದೆ ಹಗುರವಾಯಿತು. ನಾಚಿಕೆಯೇನೂ ಆಗಲಿಲ್ಲ, ಸುಳ್ಳೇಕೆ ಹೇಳಬೇಕು.

ಮಾಲೀಕರು ಕರೆದು ಕೇಳಿದಾಗ ನಾದಿನಿ ಸಪ್ಪೆ ಮುಖದಲ್ಲಿ ತನ್ನ ಫೋಲ್ಡರ್ ತೆರೆದಳು. ಎಣ್ಣೆ ಜಿಡ್ಡು ಹಿಡಿದ ಗೋಡೆ. ಚಾಕುವಿನ ಗೀರು ತುಂಬಿದ ಹಲಗೆ. ತಳ ಸುಟ್ಟ ಪಾತ್ರೆ. ಉಗ್ರಾಣದಕ್ಕ ಬಗ್ಗಿ ನೋಡಿದಳು. ಆ ಪಾತ್ರೆಯನ್ನು ಅವತ್ತು ಬೆಳಿಗ್ಗೆ ತಾನೇ ತಿಕ್ಕಿಟ್ಟು ಬಂದಿದ್ದಳು.

ಪ್ರತಿ ಚಿತ್ರಕ್ಕೂ ಟಿಪ್ಪಣಿ ಇತ್ತು, ಥೇಟ್ ಅವಳದೇ ಕ್ರಮದಲ್ಲಿ. ಮಾಲೀಕರು ಒಂದನ್ನು ಗಟ್ಟಿಯಾಗಿ ಓದಿದರು: “ತೆಗೆದದ್ದು ನಾನು. ಗೋಡೆ ಅತ್ತಿಗೆಯದು. ಅನುಮತಿ ಕೇಳಿದೆ, ‘ಏನಾದ್ರೂ ಮಾಡ್ಕೋ’ ಎಂದರು. ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ.”

“ಅಷ್ಟು ಅನುಮತಿ ಸಾಕಲ್ವಾ ಅತ್ತಿಗೆ?” ನಾದಿನಿ ಕೊಂಕಿಲ್ಲದೆ ಕೇಳಿದಳು.

“ಸಾಕು,” ಎನ್ನಲೇಬೇಕಾಯಿತು. ಮಾಲೆ ನಾದಿನಿಯ ಪಾಲಾಯಿತು.

ಸಂಜೆ ಉಗ್ರಾಣದಕ್ಕ ಒಲೆಯ ಹಿಂದಿನ ಗೋಡೆಯ ಮುಂದೆ ನಿಂತಳು. ಬೆಳಕು ಓರೆಯಾಗಿ ಬಿದ್ದಿತ್ತು. ಜಿಡ್ಡಿನಲ್ಲಿ ಕಂದು, ಹಳದಿ, ಜೇನುಬಣ್ಣ ಪದರಪದರವಾಗಿ ಇಳಿದಿತ್ತು. ಎಷ್ಟು ಚೆಂದ! ಹನ್ನೊಂದು ವರ್ಷ ಲೋಕವನ್ನೆಲ್ಲ ತಡಕಾಡಿದ ತನ್ನ ಕಣ್ಣಿಗೆ ಇದೇಕೆ ಬೀಳಲಿಲ್ಲ?

ಹೊಟ್ಟೆ ಮತ್ತೆ ಉರಿಯಿತು. ಸೋಪಿನ ನೀರು ತಂದು, ಒಂದು ಚೂರೂ ಉಳಿಯದಂತೆ ಗೋಡೆಯನ್ನು ತಿಕ್ಕಿ ತೊಳೆದಳು.