ಅಲಸಂದೆ ಬಳ್ಳಿಯ ಕಾವಲುಗಾರರು

ನಮ್ಮ ಬಾಡಿಗೆ ಖೋಲಿಗಳ ಚಾಳಿನ ಅಂಗಳದಲ್ಲಿ ನನ್ನ ಆಳ್ವಿಕೆಗೆ ಒಳಪಟ್ಟ ಭೂಭಾಗವೆಂದರೆ ಒಂದು ಬಣ್ಣದ ಡಬ್ಬಿ. ಬಣ್ಣ ಮುಗಿದ ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಹೊಡೆದು ಮಣ್ಣು ತುಂಬಿದ್ದೇನೆ. ಗೋವಾದ ಈ ಡಿಚೋಲಿಯ ಮಣ್ಣು ಕೆಂಪು. ಇದೇ ಮಣ್ಣಿನ ಬಂಧುಬಳಗವನ್ನು ಅದಿರಿನ ಗಣಿಯ ಕಾಟಾದಲ್ಲಿ ತೂಗಿ ಲಾರಿ ಹತ್ತಿಸುವುದರಲ್ಲಿ ನನ್ನ ಕೂದಲು ಬೆಳ್ಳಗಾಯಿತು. ಬೆಳ್ಳಗಾದದ್ದು ಗಣಿ ನಿಂತ ಮೇಲೆಯೇ ಗೊತ್ತಾದದ್ದು, ಅಲ್ಲಿಯವರೆಗೆ ಅದೂ ಕೆಂಪಾಗಿತ್ತು. ಲಾರಿಗಳು ನಿಂತವು, ನಾನು ಕುಳಿತೆ. ನನ್ನ ಕುರ್ಚಿ ಡಬ್ಬಿಯ ಪಕ್ಕದಲ್ಲಿದೆ.

ಡಬ್ಬಿಯಲ್ಲಿ ಅಲಸಂದೆ ಬಳ್ಳಿ. ಬೀಜ ನನ್ನ ಹೆಂಡತಿಯ ತವರಿನದು, ವಿಜಯಪುರದ ಆಚೆಯದು. ಸಣ್ಣ ಕೆಂಪು ಕಾಳು. ಗೋವಾದವರ ಅಳಸಾಂದೆ ದಪ್ಪಗಾಗಿ, ದುಂಡಗಾಗಿ ಬಜಾರಿನಲ್ಲಿ ಧಾರಾಳ ಸಿಗುತ್ತದೆ. ಆದರೆ ಇಷ್ಟು ವರ್ಷ ಈ ನೆಲದ ಅನ್ನ ಉಂಡರೂ ನನ್ನ ಹೆಂಡತಿ ಅದನ್ನು ಕಾಳು ಎಂದು ಒಪ್ಪಿಕೊಂಡಿಲ್ಲ. ಆಕೆಯ ತವರಿನಲ್ಲಿ ಈಗ ಎಲ್ಲರೂ ಕಬ್ಬು ಹಾಕುತ್ತಾರೆ, ಈ ಕಾಳನ್ನು ಬಿತ್ತುವವರು ಯಾರೂ ಉಳಿದಿಲ್ಲ. ಹಳೇ ಸೀರೆಯ ತುಂಡಿನಲ್ಲಿ ಕಟ್ಟಿಟ್ಟಿದ್ದ ಕೊನೆಯ ಬೀಜಗಳೆಲ್ಲ ಈ ಡಬ್ಬಿಗೆ ಬಿದ್ದಿದ್ದವು. ಕಾಯಿ ಬಳ್ಳಿಯ ಮೇಲೆಯೇ ಒಣಗಿ ಬೀಜವಾದರೆ ಆ ತಳಿ ಉಂಟು; ಇಲ್ಲದಿದ್ದರೆ ಇಲ್ಲ.

ಮಳೆಗಾಲ ಮುಗಿದ ಮೇಲೆ ಬಳ್ಳಿ ಕಿಟಕಿಯ ಸರಳು ಹಿಡಿದು ಹಬ್ಬಿತು, ಹೂ ಬಿಟ್ಟಿತು. ಹೂವಿನ ಜೊತೆಗೇ ಇರುವೆಗಳು ಬಂದವು. ಗೋಡೆಯ ಬುಡದ ಬಿಲದಿಂದ ಹೊರಟು ಹೂದೊಟ್ಟಿನ ತುದಿಯವರೆಗೆ ಕೆಂಪಿರುವೆಗಳ ಸಾಲು. ಮಾಡಲು ಬೇರೆ ಘನಕಾರ್ಯವಿಲ್ಲದ ನಾನು ಕನ್ನಡಕ ಒರೆಸಿಕೊಂಡು ಸ್ಥಳ ಪರಿಶೀಲನೆಗೆ ಕುಳಿತೆ. ಎರಡು ಹೂವಿನ ನಡುವೆ, ತೊಟ್ಟಿನ ತುದಿಯಲ್ಲಿ, ಗುಳ್ಳೆಯಂಥ ಒಂದು ಉಬ್ಬು. ಅದರಲ್ಲಿ ಸೂಜಿಮೊನೆಯಷ್ಟು ಹನಿ. ಬೆರಳಿಗೆ ತಾಗಿಸಿ ನಾಲಿಗೆಗೆ ಇಟ್ಟುಕೊಂಡೆ. ಸಿಹಿ. ಹೂವಿನ ಒಳಗಿನ ಮಧು ದುಂಬಿಯ ಪಾಲು, ಅದು ಎಲ್ಲರಿಗೂ ಗೊತ್ತು. ಹೊರಗೆ ಇಟ್ಟಿರುವ ಈ ಹನಿ ಯಾರಿಗೆ? ಉತ್ತರ ನನ್ನ ಕಣ್ಣೆದುರೇ ಬಂತು. ಹಸಿರು ಹುಳುವೊಂದು ಎಳೇ ಕಾಯಿಯ ಕಡೆ ಮೈ ಎಳೆದುಕೊಂಡು ಹೊರಟಿತ್ತು. ಹನಿ ಕುಡಿಯುತ್ತಿದ್ದ ನಾಲ್ಕೈದು ಇರುವೆಗಳು ಊಟ ಬಿಟ್ಟು ಎದ್ದವು, ಹುಳುವನ್ನು ಹಿಡಿದು ಕಚ್ಚಿದವು. ಅದು ನೂಲು ಬಿಟ್ಟುಕೊಂಡು ಕೆಳಗೆ ಜೋತು ಬಿತ್ತು. ಇರುವೆಗಳು ಮತ್ತೆ ಊಟಕ್ಕೆ ಕುಳಿತವು.

ಗಣಿಯ ಗೇಟಿನಲ್ಲಿ ಕಾವಲುಗಾರನಿಗೆ ಚಹಾ ಕೊಡುವ ಪದ್ಧತಿ ಇತ್ತು. ಅದನ್ನು ನಮ್ಮ ಸಾಹೇಬರು ಕಂಡುಹಿಡಿದದ್ದೆಂದು ತಿಳಿದಿದ್ದೆ. ಅಲ್ಲ, ಅಲಸಂದೆ ಅದಕ್ಕಿಂತ ಮೊದಲೇ ಕಂಡುಹಿಡಿದಿತ್ತು. ಎಲೆ ಕಚ್ಚಿಸಿಕೊಂಡ ದಿನ ಬಳ್ಳಿ ಚಹಾ ತುಸು ಹೆಚ್ಚು ಹಾಕುತ್ತದೆಂದೂ ನನ್ನ ಗುಮಾನಿ.

ಅಂದಿನಿಂದ ಅಂಗಳವೇ ನನಗೆ ದಂಡಿನ ಠಾಣೆಯಂತೆ ಕಾಣತೊಡಗಿತು. ಬದನೆ ಎಲೆಯ ಮೈತುಂಬ ನವಿರು ತುಪ್ಪಳ. ನಮಗೆ ಮಖಮಲ್ಲು, ಸಣ್ಣ ಹುಳುವಿಗೆ ಮುಳ್ಳುಬೇಲಿ. ಎಕ್ಕೆಯ ಎಲೆ ಹರಿದರೆ ಹಾಲು ಚಿಮ್ಮಿ, ತಿನ್ನಬಂದವರ ಬಾಯಿಗೆ ಅಂಟಿನ ಮೊಹರು. ಗೇರುಬೀಜದ ಸಿಪ್ಪೆಯ ಎಣ್ಣೆ ಮುಟ್ಟಿದವರಿಗೆ ಅದರ ಕಥೆ ಹೇಳಬೇಕಾಗಿಲ್ಲ. ಹಾಗೆಂದು ಯಾವ ಕೋಟೆಯೂ ಪೂರ್ತಿ ಭದ್ರವಲ್ಲ. ಎಕ್ಕೆಯ ವಿಷವನ್ನೇ ಉಂಡು ಕೊಬ್ಬುವ ಪಟ್ಟೆಪಟ್ಟೆ ಹುಳುವೊಂದಿದೆ, ನಾಚಿಕೆ ಎಂಬುದಿಲ್ಲ ಅದಕ್ಕೆ. ಆದರೂ ಗಿಡಗಳು ಹತಾರ ಕೆಳಗಿಟ್ಟದ್ದನ್ನು ನಾನು ಕಂಡಿಲ್ಲ. ಓಡಿಹೋಗಲು ಕಾಲಿಲ್ಲದವರು ನಿಂತಲ್ಲೇ ಕಾದಾಡಬೇಕಾಗುತ್ತದೆ. ಇದು ಬಾಡಿಗೆ ಮನೆಯವರಿಗೂ ಅನ್ವಯಿಸುತ್ತದೆಂದು ಬೇಗನೇ ಗೊತ್ತಾಯಿತು.

ಪಕ್ಕದ ಖೋಲಿಯ ಹೆಣ್ಣುಮಗಳು ಬಾಗಲಕೋಟೆ ಕಡೆಯವಳು, ಗಂಡ ಟಿಪ್ಪರ್ ಓಡಿಸುತ್ತಾನೆ. ಒಂದು ಬೆಳಿಗ್ಗೆ ಡಬ್ಬಿಯೊಂದನ್ನು ಸಾಕ್ಷಿಯಾಗಿ ಹಿಡಿದುಕೊಂಡು ನನ್ನ ಕುರ್ಚಿಯ ಮುಂದೆ ಬಂದು ನಿಂತಳು.

"ಕಾಕಾರ, ನಿಮ್ಮ ಬಳ್ಳಿ ನಮ್ಮ ಬೆಲ್ಲದ ಡಬ್ಬ್ಯಾಗ ಸಂಸಾರ ಹೂಡೇತಿ."

"ಬಳ್ಳಿ ಅಲ್ಲ ತಂಗಿ, ಅವು ಇರುವಿ."

"ಇರುವಿಗೆ ನಮ್ಮ ಓಣಿ ತೋರ್ಸಿದ್ದು ಬಳ್ಳಿನ ಅಲ್ರಿ? ನಮ್ಮನಿಯವರ ಹತ್ರ ಪೌಡರ್ ಐತಿ, ಚೆಲ್ಲಿಬಿಟ್ರ ಮುಗೀತು."

"ನನ್ನ ಸರಹದ್ದಿನ್ಯಾಗ ಪೌಡರ್ ಬೀಳಾಕ ಬಿಡೂದಿಲ್ಲ," ಎಂದೆ.

"ಸರಹದ್ದು ಅಂತ," ಎಂದು ಅವಳು ಬಣ್ಣದ ಡಬ್ಬಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನೇರ ಚಾಳಿನ ಮಾಲಕೀಣಬಾಯಿಯ ಮನೆಗೆ ಹೋದಳು.

ಮಾಲಕೀಣಬಾಯಿ ಬಂದರು. ಅವರು ಕೊಂಕಣಿಯಲ್ಲಿ ಬೈಯುತ್ತಾರೆ, ನಾನು ಕನ್ನಡದಲ್ಲಿ ಕೇಳಿಸಿಕೊಳ್ಳುತ್ತೇನೆ. ಇಷ್ಟು ವರ್ಷದಲ್ಲಿ ನಡುವೆ ಏನೂ ಸೋರಿಲ್ಲ. ಬಳ್ಳಿಯನ್ನು ನೋಡಿ "ಕಾಪುನ್ ಉಡಯ್" ಎಂದರು. ಕತ್ತರಿಸಿ ಬಿಸಾಡು, ಅಷ್ಟೇ. ಕಾಯಿ ಒಣಗುವ ತನಕ ಬಿಡಿ ಎಂದೆ. ಸಂಕ್ರಾಂತಿಯೊಳಗೆ ಹೋಗಬೇಕು, ಇಲ್ಲದಿದ್ದರೆ ತಾನೇ ಬಂದು ಕಡಿಯುತ್ತೇನೆ ಎಂದರು. ಕಾಯಿ ಇನ್ನೂ ಹಸಿರು. ಸಂಕ್ರಾಂತಿಗೆ ಬೀಜವಾಗುವ ಮಾತೇ ಇರಲಿಲ್ಲ.

"ನಾ ಅಂತೂ ಕಡಿಯೂದಿಲ್ಲ," ಎಂದು ಹೇಳಿ ಕುರ್ಚಿಯನ್ನು ಬಳ್ಳಿಗೆ ಇನ್ನೊಂದು ಗೇಣು ಹತ್ತಿರ ಎಳೆದುಕೊಂಡೆ. ಯುದ್ಧ ಘೋಷಣೆಗೆ ನನ್ನಲ್ಲಿದ್ದ ಸಾಮಗ್ರಿ ಅಷ್ಟೇ.

ನನ್ನ ಹೆಂಡತಿಗೆ ಇದರ ಮೂಲ ತಕ್ಷಣ ಹೊಳೆಯಿತು. "ನಿಮಗ ಸಾಡೇಸಾತಿ ನಡದೈತ್ರಿ. ಇಲ್ಲಂದ್ರ ಒಂದ ಬಳ್ಳಿ ಸಲುವಾಗಿ ಇಷ್ಟ ಮಂದಿ ಯಾಕ ಮೈಮ್ಯಾಲ ಬರ್ತಿದ್ರು?" ಶನಿವಾರ ಇರುವೆಗೆ ಸಕ್ಕರೆ ಹಾಕುವುದು ನಮ್ಮ ಕಡೆ ಶನಿದೇವರನ್ನು ಸಮಾಧಾನಪಡಿಸುವ ರೂಢಿ. ಈಕೆ ಮೊದಲಿಂದಲೂ ಒಂದು ಚಿಟಿಕೆ ಸಕ್ಕರೆ ಹಾಕುತ್ತಿದ್ದಳು. ಮಾಲಕೀಣಬಾಯಿ ಬಂದುಹೋದ ಮೇಲೆ ಚಿಟಿಕೆ ಮುಷ್ಟಿಯಾಯಿತು, ಸಕ್ಕರೆಯ ಜೊತೆ ಹುರಿದ ರವೆ ಸೇರಿತು, ಶನಿವಾರಕ್ಕೆ ಮಂಗಳವಾರವೂ ಕೂಡಿತು. ಗೋಡೆಯ ಬುಡದಲ್ಲಿ, ನಮ್ಮ ಬಾಗಿಲಿಗೂ ಪಕ್ಕದವಳ ಬಾಗಿಲಿಗೂ ನಡುವೆ, ಅನ್ನಸಂತರ್ಪಣೆ.

ಅದಾದ ಮೇಲೆ ಬಳ್ಳಿಯಲ್ಲಿ ಹುಳು ಬಿದ್ದವು. ಎರಡು ಕಾಯಿಗೆ ತೂತು. ನಾಲ್ಕು ಕಾಯಿಗೆ ತೂತು. ಹೂವುಗಳು ಒಂದಕ್ಕೊಂದು ಅಂಟಿಕೊಂಡು ಬಾಡಿದವು, ಬಿಡಿಸಿದರೆ ಒಳಗೆ ಹಸಿರು ಹುಳು ಹಾಯಾಗಿ ಮಲಗಿತ್ತು. ಹೆಂಡತಿ ನೋಡಿ, ಶನಿಯ ಕಾಟ ಜೋರಾಗಿದೆ ಎಂದು ಸಕ್ಕರೆ ಇನ್ನಷ್ಟು ಹೆಚ್ಚಿಸಿದಳು. ಹುಳು ಇನ್ನಷ್ಟು ಹೆಚ್ಚಿದವು. ಪಕ್ಕದವಳ ಬೆಲ್ಲದ ಡಬ್ಬಿಯಲ್ಲೂ ಜನಸಂಖ್ಯೆ ಏರಿತು. ಅತ್ತ ಸಂಕ್ರಾಂತಿ ಹತ್ತಿರ ಬರುತ್ತಿತ್ತು.

ಕನ್ನಡಕ ಒರೆಸಿಕೊಂಡು ಮತ್ತೆ ಪರಿಶೀಲನೆಗೆ ಕುಳಿತೆ. ತೊಟ್ಟಿನ ತುದಿಯಲ್ಲಿ ಹನಿಗಳು ಹಾಗೇ ಹೊಳೆಯುತ್ತ ನಿಂತಿದ್ದವು, ಕುಡಿಯುವವರೇ ಇಲ್ಲ. ಕಾವಲುಗಾರರೆಲ್ಲ ಕೆಳಗೆ. ಬಿಲದಿಂದ ಸಕ್ಕರೆಯವರೆಗೆ, ಅಲ್ಲಿ ಮಿಕ್ಕವರು ನಾಲ್ಕು ಹೆಜ್ಜೆ ಮುಂದೆ ಪಕ್ಕದ ಖೋಲಿಯ ಬೆಲ್ಲದವರೆಗೆ. ಸೂಜಿಮೊನೆಯಷ್ಟು ಹನಿಗಾಗಿ ಕಿಟಕಿ ಹತ್ತಿ ಹುಳುವಿನ ಜೊತೆ ಗುದ್ದಾಡುವ ಕರ್ಮ ಯಾರಿಗೆ ಬೇಕು, ನೆಲದ ಮೇಲೆ ಸಕ್ಕರೆಯ ಗುಡ್ಡವೇ ಇರುವಾಗ? ನನ್ನನ್ನು ಕಾಯುವುದಕ್ಕೆಂದು ಹಾಕಿದ ಸಕ್ಕರೆ ನನ್ನ ಬಳ್ಳಿಯ ದಂಡನ್ನೇ ಕೊಂಡುಕೊಂಡಿತ್ತು.

"ನೀ ಹಾಕೋ ಸಕ್ಕರಿ ತಿಂದು ಕಾವಲಿನವ್ರು ಡ್ಯೂಟಿ ಬಿಟ್ಟಾರ," ಎಂದೆ ಹೆಂಡತಿಗೆ. ಕೈಹಿಡಿದು ಕರೆತಂದು ಎಲ್ಲವನ್ನೂ ತೋರಿಸಿದೆ.

"ನಿಮ್ಮ ಗಣ್ಯಾಗ ಯಾರು ಡ್ಯೂಟಿ ಮಾಡ್ತಿದ್ರು?"

"ಆ ಮಾತು ಬ್ಯಾರೆ. ಸಕ್ಕರಿ ನಿಲ್ಲಸು."

"ನಿಲ್ಲಸೂದಿಲ್ಲ. ನಿಮ್ಮ ಸಲುವಾಗಿ ಬೇಡ್ಕೊಂಡೇನಿ, ನಡುವ ಬಿಡಾಕ ಬರೂದಿಲ್ಲ. ಬಳ್ಳಿ ಹೋದ್ರ ಹೋಗ್ಲಿ."

ಅದು ಆಕೆಯ ತವರಿನ ಬಳ್ಳಿ. ಹೋದರೆ ಹೋಗಲಿ ಎಂದವಳು ಒಳಗೆ ಹೋಗಿ ಪಾತ್ರೆಗಳನ್ನು ಎಷ್ಟು ಗಟ್ಟಿಯಾಗಿ ಇಟ್ಟಳೆಂದರೆ, ಆ ಮಾತನ್ನು ನಾನು ನಂಬಲಿಲ್ಲ. ಮನೆಯಲ್ಲಿ ಎರಡು ದಿನ ಸಂಧಾನ ನಿಂತುಹೋಯಿತು. ಶುಕ್ರವಾರ ಸಂಜೆ ಆಕೆಯೇ ಹೊರಗೆ ಬಂದು ಬಳ್ಳಿಯ ಮುಂದೆ ನಿಂತಳು.

"ಈ ಬಳ್ಳಿ ಇರುವಿಗೆ ಸಿಹಿ ಕೊಡತೈತಿ ಅಂದ್ರಲ್ಲ, ಖರೇ ಏನು?"

"ಖರೇ. ನಾಲಿಗಿಗೆ ಹಚ್ಚಿ ನೋಡೇನಿ."

"ಅಂದ್ರ ಬಳ್ಳಿಗೆ ನೀರು ಹಾಕಿದ್ರ ಇರುವಿಗೆ ಹಾಕಿದಂಗ ಆತು."

"ಆತು."

"ಶನಿದೇವರು ಒಪ್ಪತಾರೇನು?"

"ಒಪ್ಪದ ಎಲ್ಲಿಗೆ ಹೊಕ್ಕಾರ? ಈಗಾಗ್ಲೇ ನನ್ನ ಹೆಗಲ ಮ್ಯಾಲನ ಕುಂತಾರ."

ಆಕೆ ನಗಲಿಲ್ಲ. ದೇವರ ಮಾತಿನಲ್ಲಿ ಆಕೆ ನನ್ನ ಜೊತೆ ನಗುವುದಿಲ್ಲ. ಆದರೆ ಶನಿವಾರ ಸ್ನಾನ ಮುಗಿಸಿ, ಪೂಜೆಯ ತಂಬಿಗೆಯಲ್ಲಿ ನೀರು ತಂದು, ಕೈಮುಗಿದು, ಬಣ್ಣದ ಡಬ್ಬಿಗೆ ಹೊಯ್ದಳು. ಆಮೇಲೆ ಗೋಡೆಯ ಬುಡವನ್ನು ಸಕ್ಕರೆಯ ಗುರುತೂ ಉಳಿಯದಂತೆ ತೊಳೆದಳು. ಬೆಲ್ಲದ ಡಬ್ಬಿಗೆ ಬಿಗಿಯಾದ ಮುಚ್ಚಳವೊಂದನ್ನು ಪಕ್ಕದವಳಿಗೆ ಕೊಟ್ಟು ಬಂದಳು. ಇರುವೆಗಳು ಒಂದು ದಿನ ಗೋಡೆಯ ಬುಡದಲ್ಲಿ ಸುತ್ತಾಡಿದವು, ಮರುದಿನವೂ ಸುತ್ತಾಡಿದವು. ಆಮೇಲೆ ಒಂದೊಂದಾಗಿ ಕಿಟಕಿಯ ಸರಳು ಹತ್ತಿದವು. ಹಳೆಯ ನೌಕರಿಗೆ ಮರಳಿದವರ ಮುಖದಲ್ಲಿ ಏನಾದರೂ ಸಂಕೋಚವಿದೆಯೇ ಎಂದು ನೋಡಿದೆ. ಇರಲಿಲ್ಲ.

ಸಂಕ್ರಾಂತಿಯ ಮರುದಿನ ಮಾಲಕೀಣಬಾಯಿ ಕೊಯ್ತಾ ಹಿಡಿದುಕೊಂಡು ಬಂದರು. ಕೊಯ್ತಾ ಎಂದರೆ ತೆಂಗಿನಗರಿ ಕಡಿಯುವ ಬಾಗಿದ ಕತ್ತಿ. ಅಲಸಂದೆಗೆ ಅಷ್ಟು ದೊಡ್ಡ ಮರ್ಯಾದೆ ಬೇಕಿರಲಿಲ್ಲ. ಬಳ್ಳಿಯಲ್ಲಿ ಉಳಿದ ಕಾಯಿಗಳು ಆಗಷ್ಟೇ ಹಳದಿಗೆ ತಿರುಗಿದ್ದವು.

"ಈಗ ನಮ್ಮನ್ಯಾಗ ಇರುವಿ ಬರೂದಿಲ್ರಿ," ಎಂದಳು ಪಕ್ಕದವಳು ಬಾಗಿಲಲ್ಲಿ ನಿಂತು. ನನ್ನ ಕಡೆ ನೋಡದೇ ಹೇಳಿದಳು, ಆದರೂ ಹೇಳಿದಳು.

ಮಾಲಕೀಣಬಾಯಿ ಕೇಳಲಿಲ್ಲ. ಅವರಿಗೆ ಈಗ ಇರುವೆಯ ಪ್ರಶ್ನೆ ಉಳಿದಿರಲಿಲ್ಲ, ಮಾತಿನ ಪ್ರಶ್ನೆ ಉಳಿದಿತ್ತು. ನನ್ನನ್ನು ಏಳು ಎಂದರು. ನಾನು ಏಳಲಿಲ್ಲ. ಅವರು ನನ್ನ ಭುಜದ ಮೇಲಿನಿಂದ ಕೈಚಾಚಿ, ಹೂವೂ ಕಾಯಿಯೂ ದಟ್ಟವಾಗಿದ್ದ ಕಡೆ ಬಳ್ಳಿಯನ್ನು ಮುಷ್ಟಿಯಲ್ಲಿ ಹಿಡಿದರು, ಕೊಯ್ತಾ ಎತ್ತಿದರು.

ಕಾವಲಿನವರು ಅವರನ್ನು ತುಸು ದೊಡ್ಡ ಹುಳುವೆಂದು ಭಾವಿಸಿರಬೇಕು. ಬೆರಳುಗಳಿಂದ ಬಳೆಗಳವರೆಗೆ, ಬಳೆಗಳಿಂದ ಮೊಣಕೈಯವರೆಗೆ ಕೆಂಪು ಸಾಲು. ಕೊಯ್ತಾ ನನ್ನ ಕುರ್ಚಿಯ ಹಿಂದೆ ಠಣ್ಣೆಂದು ಬಿತ್ತು. ನನ್ನ ಹೆಂಡತಿ ಓಡಿಬಂದು ಅವರ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿದಳು. ಎಣ್ಣೆ ಹಚ್ಚುತ್ತಲೇ, ಶನಿವಾರದ ನೀರು ಕುಡಿದ ಬಳ್ಳಿ ಅದು, ಮುಟ್ಟಬಾರದು ಎಂದು ತನಗೆ ಗೊತ್ತಿದ್ದ ಕೊಂಕಣಿಯಲ್ಲಿ ತಿಳಿಹೇಳಿದಳು. ಮಾಲಕೀಣಬಾಯಿ ಏನೋ ಬೈದರು. ಆ ಒಂದು ಮಾತನ್ನು ನಾನು ಕನ್ನಡದಲ್ಲಿ ಕೇಳಿಸಿಕೊಳ್ಳಲಿಲ್ಲ. ಮತ್ತೆ ಬರುತ್ತೇನೆ ಎಂದು ಹೋದರು.

ಕಾಯಿಗಳು ಬಳ್ಳಿಯ ಮೇಲೆಯೇ ಒಣಗಿದವು, ಮುಟ್ಟಿದರೆ ಗಿಲಗಿಲ ಎನ್ನುವಷ್ಟು. ಹೆಂಡತಿ ಬಿಡಿಸಿ, ತೂತು ಬಿದ್ದದ್ದನ್ನು ಆರಿಸಿ ತೆಗೆದು, ಬೂದಿಯಲ್ಲಿ ಹೊರಳಿಸಿ, ಮತ್ತೊಂದು ಸೀರೆಯ ತುಂಡಿನಲ್ಲಿ ಕಟ್ಟಿಟ್ಟಿದ್ದಾಳೆ. ಗಂಟು ಮೊದಲಿನದಕ್ಕಿಂತ ದೊಡ್ಡದು. ಬರುವ ವರ್ಷಕ್ಕೆಂದು ಬಣ್ಣದ ಡಬ್ಬಿ ಇನ್ನೊಂದನ್ನು ತಂದಿದ್ದೇನೆ. ಕೊಯ್ತಾ ಬಿದ್ದಲ್ಲೇ ಇದೆ, ಇರುವೆಗಳು ಅದರ ಹಿಡಿಯ ಮೇಲೆ ದಾರಿ ಮಾಡಿಕೊಂಡಿವೆ. ಒಯ್ಯುವವರು ಬರಲಿ ಎಂದು ನಾನು ಕುರ್ಚಿಯಲ್ಲೇ ಕುಳಿತಿದ್ದೇನೆ.